ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿಯಲು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಬಿಟ್ಟೆ. ನೀವೆಲ್ಲ ಹೊತ್ತು ಹೇಗೆ ಹೊಂದಿಸುತ್ತೀರಿ?

ಗಂಗಾವತಿ_ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಓದಿದ್ದೇನೆ, ವಯಸ್ಸು 29. ಗಂಗಾವತಿ ಹತ್ತಿರ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಒಂಬತ್ತೂವರೆಗೆ ಹೋದರೆ ಮನೆ ಸೇರುವಾಗ ರಾತ್ರಿ ಎಂಟು. ಸುಗ್ಗಿಯಲ್ಲಿ ಹತ್ತೂ ಆಗುತ್ತದೆ.

ಹದಿನಾಲ್ಕು ತಿಂಗಳಿಂದ ಪೈಥಾನ್ ಕಲಿಯಬೇಕು ಅಂತ ಒದ್ದಾಡುತ್ತಿದ್ದೇನೆ. ನಾಲ್ಕು ಸಲ ಶುರು ಮಾಡಿದೆ, ನಾಲ್ಕು ಸಲವೂ ಒಂದೇ ಕಥೆ. ಮೊದಲ ವಾರ ರಾತ್ರಿ ಒಂದು ಗಂಟೆವರೆಗೆ ಕೂರುತ್ತೇನೆ. ವೇರಿಯೇಬಲ್, ಇಫ್, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಎಲ್ಲ ಅರ್ಥವಾಗುತ್ತದೆ. ಎರಡನೇ ವಾರ ಫಂಕ್ಷನ್. ಮೂರನೇ ವಾರ ಕ್ಲಾಸು, ಆಬ್ಜೆಕ್ಟು ಅಂತ ಬರುವ ಹೊತ್ತಿಗೆ ಮಿಲ್ಲಿನಲ್ಲಿ ಕೆಲಸ ಏರುತ್ತದೆ. ಎರಡು ದಿನ ತಪ್ಪುತ್ತದೆ, ಆ ಎರಡು ಹತ್ತಾಗುತ್ತದೆ. ಮತ್ತೆ ಲ್ಯಾಪ್‌ಟಾಪ್ ತೆರೆದರೆ ಏನೂ ನೆನಪಿರುವುದಿಲ್ಲ. ಮತ್ತೆ ಮೊದಲನೇ ವಿಡಿಯೋ. ಲೂಪ್ ಪಾಠವನ್ನು ಇಷ್ಟರಲ್ಲಿ ನಾಲ್ಕು ಮೇಷ್ಟ್ರುಗಳಿಂದ ಕೇಳಿದ್ದೇನೆ.

ಹೋದ ವರ್ಷ ಕೆಲಸ ಕೊಡಿಸುತ್ತೇವೆ ಅಂದ ಒಂದು ಆನ್‌ಲೈನ್ ತರಬೇತಿಗೆ 38,000 ರೂಪಾಯಿ ಕಟ್ಟಿದೆ. ತರಗತಿ ಬೆಳಗ್ಗೆ ಹನ್ನೊಂದಕ್ಕೆ ಅಂತ ಗೊತ್ತಾಗಿದ್ದು ಹಣ ಕಟ್ಟಿದ ಮೇಲೆ. ರೆಕಾರ್ಡಿಂಗ್ ನೋಡಿಕೊಳ್ಳಿ ಅಂದರು. ಹಣ ವಾಪಸ್ ಬರಲಿಲ್ಲ. ಮನೆಯಲ್ಲಿ ಈಗ ಅದರ ಮಾತೆತ್ತಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆ ಮೌನವೇ ಕಷ್ಟ.

ನನಗೆ ನಿಜವಾಗಿ ಇಷ್ಟವಿದೆ. ಒಂದು ಪ್ರೋಗ್ರಾಂ ಓಡಿದಾಗ ಆಗುವ ಖುಷಿ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಆದರೂ ಯಾಕೆ ನಿಲ್ಲುತ್ತಿಲ್ಲ? ಕೆಲಸ ಮಾಡಿಕೊಂಡೇ ಒಬ್ಬರೇ ಕಲಿತವರು ದಯವಿಟ್ಟು ಹೇಳಿ.

ತುಂಗಾತೀರ

ರಾತ್ರಿ ಒಂದು ಗಂಟೆವರೆಗೆ ಕೂರುವುದೇ ತಪ್ಪು. ಮೊದಲ ವಾರದಲ್ಲೇ ಎಲ್ಲ ಉತ್ಸಾಹ ಸುಟ್ಟುಕೊಳ್ಳುತ್ತೀರಿ. ದಿನಾ ನಲವತ್ತು ನಿಮಿಷ ಸಾಕು. ಮನಸ್ಸಿದ್ದರೂ ನಲವತ್ತಕ್ಕೆ ಎದ್ದುಬಿಡಿ.

ಕೋಡ್_ಕಟ್ಟೆ

21 ದಿನ ಬಿಡದೆ ಮಾಡಿ ಸಾರ್. 21 ದಿನ ದಾಟಿದರೆ ಅಭ್ಯಾಸ ತಾನಾಗೇ ಆಗುತ್ತದೆ. ಇದು ವಿಜ್ಞಾನ ಹೇಳಿದ್ದು.

ಮನಸು_ಮಾತು

@ಕೋಡ್_ಕಟ್ಟೆ ಇದು ಸರಿಯಲ್ಲ, ಎಲ್ಲ ಕಡೆ ಹಬ್ಬಿದೆ ಅಷ್ಟೇ. ನಾನು ಸೈಕಾಲಜಿ ಓದಿದವಳು, ಸ್ವಲ್ಪ ಹೇಳುತ್ತೇನೆ. ಆ 21 ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು ಗಮನಿಸಿದ್ದರು. ಮುಂದೆ ಆ "ಕಡಿಮೆ ಅಂದರೂ" ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು.

ಅಭ್ಯಾಸದ ಬಗ್ಗೆ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರನ್ನು 12 ವಾರ ನೋಡಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು, ಇಂಥವೇ. ತಾನಾಗೇ ಆಗುವ ಹಂತಕ್ಕೆ ಸುಮಾರು 66 ದಿನ ಬೇಕಾಯಿತು. ಆದರೆ ಒಬ್ಬೊಬ್ಬರಿಗೆ ಒಂದೊಂದು: 18 ದಿನದಿಂದ 254 ದಿನದವರೆಗೆ ಲೆಕ್ಕ ಬಂತು. ಲೆಕ್ಕಿಗರಿಗೆ ಬೇಕಾದ ಮುಖ್ಯ ವಿಷಯ ಇದು: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ.

ಅಂದರೆ ನೀವು ಎರಡು ದಿನ ತಪ್ಪಿದ್ದು ಸಮಸ್ಯೆಯೇ ಅಲ್ಲ. ತಪ್ಪಿದ ಮೇಲೆ "ಎಲ್ಲ ಹೋಯಿತು, ಮೊದಲಿಂದ ಶುರು" ಅಂದುಕೊಂಡಿದ್ದು ಸಮಸ್ಯೆ.

ಕೋಡ್_ಕಟ್ಟೆ

ಓ, ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್. ನಾನು ಎಷ್ಟೋ ಜನರಿಗೆ ಇದನ್ನೇ ಹೇಳಿಬಿಟ್ಟಿದ್ದೇನೆ.

ಮಂಡ್ಯ_ಪ್ಯಾಸೆಂಜರ್

ನನ್ನ ಅನುಭವ ಹೇಳುತ್ತೇನೆ. ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲು. ಹೋಗ್ತಾ ಬರ್ತಾ ಮೂರು ಗಂಟೆ ಮೇಲೆ ರೈಲಲ್ಲೇ. ಸೀಟು ಸಿಗುವುದು ಅಪರೂಪ, ಲ್ಯಾಪ್‌ಟಾಪ್ ತೆರೆಯುವ ಮಾತೇ ಇಲ್ಲ. ಹಾಗಾಗಿ ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡೆ. ಬೆಳಗ್ಗೆ ಒಂದು ಲೆಕ್ಕ ತೆಗೆದುಕೊಳ್ಳುವುದು, ಕೋಡನ್ನು ಪೆನ್ನಲ್ಲಿ ಬರೆಯುವುದು. ನಿಂತುಕೊಂಡೇ. ರಾಮನಗರ ದಾಟುವಷ್ಟರಲ್ಲಿ ಒಂದು ರೂಪ ಬಂದಿರುತ್ತಿತ್ತು. ಸಂಜೆ ವಾಪಸ್ ಬರುವಾಗ ಅದನ್ನೇ ಓದಿ ತಪ್ಪು ಹುಡುಕುವುದು. ರಾತ್ರಿ ಮನೆಯಲ್ಲಿ ಇಪ್ಪತ್ತೇ ನಿಮಿಷ, ಟೈಪ್ ಮಾಡಿ ಓಡಿಸುವುದು.

ಎಂಟು ತಿಂಗಳಲ್ಲಿ ಅಂಥ ಆರು ನೋಟ್‌ಬುಕ್ ತುಂಬಿದವು. ಪೆನ್ನಲ್ಲಿ ಬರೆಯುವಾಗ ಕಂಪ್ಯೂಟರ್ ತಿದ್ದುವುದಿಲ್ಲ ನೋಡಿ, ಕೋಲನ್ ಎಲ್ಲಿ, ಸಾಲು ಎಷ್ಟು ಒಳಗೆ ಸರಿಯಬೇಕು ಅನ್ನುವುದೆಲ್ಲ ಕೈಗೇ ಅಂಟಿತು. ಹೊತ್ತು ಇಲ್ಲ ಅನ್ನುವವರು ಮೊದಲು ಕಂಪ್ಯೂಟರ್ ಇಲ್ಲದ ಹೊತ್ತು ಎಷ್ಟಿದೆ ಅಂತ ಎಣಿಸಿ.

ತುಂಗಾತೀರ

@ಮಂಡ್ಯ_ಪ್ಯಾಸೆಂಜರ್ ಇದು ಬಹಳ ಚೆನ್ನಾಗಿದೆ. ಆ ನೋಟ್‌ಬುಕ್‌ಗಳು ಇನ್ನೂ ಇವೆಯಾ?

ಮಂಡ್ಯ_ಪ್ಯಾಸೆಂಜರ್

ಐದು ಇವೆ. ಒಂದು ಮಳೆಯಲ್ಲಿ ಹೋಯಿತು.

ಹುಬ್ಳಿ_ಹುಡುಗ

ಎಲ್ಲಾರೂ ಹೊತ್ತಿನ ಬಗ್ಗೆ ಹೇಳಾಕತ್ತೀರಿ. ನನಗೆ ಅನ್ನಿಸುವುದು ಬೇರೆ. ಅಣ್ಣಾ, ನೀನು ಪೈಥಾನ್ ಕಲಿತು ಏನು ಮಾಡಬೇಕು ಅಂದ್ಕೊಂಡಿ? ಆ ಮಾತೇ ಇಲ್ಲ ನಿನ್ನ ಬರಹದಲ್ಲಿ. ಕೆಲಸ ಬದಲಿಸಬೇಕಾ? ಮಿಲ್ಲಿನ ಕೆಲಸ ಸುಲಭ ಮಾಡ್ಕೋಬೇಕಾ? ಸುಮ್ನೆ ಇಷ್ಟ ಅಂತಾನಾ? ಮೂರೂ ತಪ್ಪಲ್ಲ. ಆದರೆ ಮೂರಕ್ಕೂ ದಾರಿ ಬೇರೆ ಬೇರೆ.

ಗಂಗಾವತಿ_ಲೆಕ್ಕಿಗ

@ಹುಬ್ಳಿ_ಹುಡುಗ ಒಳ್ಳೆಯ ಪ್ರಶ್ನೆ. ಶುರು ಮಾಡಿದಾಗ ಬೆಂಗಳೂರಿನ ಕೆಲಸ ಅಂತಲೇ ಇತ್ತು. ಈಗ ಗೊತ್ತಿಲ್ಲ. ಅಪ್ಪನಿಗೆ ಆರೋಗ್ಯ ಅಷ್ಟಕ್ಕಷ್ಟೆ, ಊರು ಬಿಡಲು ಆಗುವುದಿಲ್ಲ.

ಕೆ_ಆರ್_ಪುರ_ನೈಟ್‌ಶಿಫ್ಟ್

ಬೇಜಾರು ಮಾಡಿಕೊಳ್ಳಬೇಡಿ, ನೇರ ಹೇಳುತ್ತೇನೆ. ನಾನು ಬೆಂಗಳೂರಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹೊಸಬರಿಗೆ ಬಾಗಿಲು ಮೊದಲಿನಷ್ಟು ತೆರೆದಿಲ್ಲ. ಬಿ.ಇ. ಮಾಡಿದ ಮಕ್ಕಳೇ ಕಾಯುತ್ತಿದ್ದಾರೆ. ಕೆಲಸಕ್ಕಾಗಿ ಅಂತ ಆದರೆ ಎರಡು ಸಲ ಯೋಚಿಸಿ. ಈಗಿನ ಎಐ ಸಣ್ಣಪುಟ್ಟ ಕೋಡನ್ನು ಅದೇ ಬರೆದುಕೊಡುತ್ತದೆ.

ಅಮ್ಮ_ಐದು_ಗಂಟೆಗೆ

@ಕೆ_ಆರ್_ಪುರ_ನೈಟ್‌ಶಿಫ್ಟ್ ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಮದುವೆ, ಮಗು ಅಂತ ನನಗೆ ಏಳು ವರ್ಷ ಕೆಲಸವಿರಲಿಲ್ಲ. ಓದಿದ್ದು ಬಿ.ಎಸ್ಸಿ ಸಸ್ಯಶಾಸ್ತ್ರ. ಶಿವಮೊಗ್ಗದಲ್ಲಿ ಕೂತು ವೆಬ್‌ಸೈಟ್ ಮಾಡಲು ಬೇಕಾದ ಎಚ್‌ಟಿಎಂಎಲ್, ಸಿಎಸ್‌ಎಸ್, ಆಮೇಲೆ ಜಾವಾಸ್ಕ್ರಿಪ್ಟ್ ಕಲಿತೆ. ಒಂದು ವರ್ಷ ಹತ್ತು ತಿಂಗಳು ಹಿಡಿಯಿತು. ಫ್ರೀಕೋಡ್‌ಕ್ಯಾಂಪ್ ಅನ್ನುವ ಕಲಿಕೆಯ ತಾಣದಲ್ಲಿ, ಒಂದು ರೂಪಾಯಿ ಕೊಡದೆ. ಈಗ ಮನೆಯಿಂದಲೇ ಎರಡು ಶಾಲೆ ಮತ್ತು ಒಂದು ಅಡಿಕೆ ವ್ಯಾಪಾರಿಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ದೊಡ್ಡ ಸಂಬಳವಲ್ಲ. ಆದರೆ ನನ್ನದು.

ಹೊತ್ತಿನ ಬಗ್ಗೆ ಹೇಳುತ್ತೇನೆ. ಮೊದಲು ರಾತ್ರಿ ಕೂರುತ್ತಿದ್ದೆ. ಮಗಳು ಮಲಗಿದ ಮೇಲೆ, ಪಾತ್ರೆ ಆದ ಮೇಲೆ, ನಾಳೆಯ ಹಿಟ್ಟು ರುಬ್ಬಿದ ಮೇಲೆ. ಎಲ್ಲ ಆದ ಮೇಲೆ ಉಳಿಯುವುದು ನಿದ್ದೆ ಮಾತ್ರ. ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ನನಗೆ ಬುದ್ಧಿ ಇಲ್ಲ ಅಂತಲೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ದಿನ ಮಗಳಿಗೆ ಜ್ವರ, ಅವಳ ಜೊತೆ ಒಂಬತ್ತಕ್ಕೇ ಮಲಗಿದೆ. ಬೆಳಗ್ಗೆ ಐದಕ್ಕೆ ಎಚ್ಚರವಾಯಿತು. ಹಿಂದಿನ ರಾತ್ರಿ ಒಂದೂವರೆ ಗಂಟೆ ಒದ್ದಾಡಿದ ಲೆಕ್ಕ ಹತ್ತು ನಿಮಿಷದಲ್ಲಿ ಬಂತು. ಅವತ್ತು ಗೊತ್ತಾಯಿತು, ಬುದ್ಧಿ ಸರಿಯೇ ಇತ್ತು, ಹೊತ್ತು ಸರಿ ಇರಲಿಲ್ಲ.

ಅಂದಿನಿಂದ ಐದರಿಂದ ಆರು ನನ್ನದು. ಆರಕ್ಕೆ ಹಾಲಿನವರು ಬೆಲ್ ಮಾಡುತ್ತಾರೆ, ಅದೇ ನನ್ನ ಅಲಾರಂ. ಮನೆಯವರಿಗೂ ಹೇಳಿಟ್ಟಿದ್ದೇನೆ, ಆ ಒಂದು ಗಂಟೆ ನನ್ನನ್ನು ಯಾರೂ ಏನೂ ಕೇಳಬಾರದು ಅಂತ.

ನೈಟ್_ಔಲ್_ಮೈಸೂರು

ಎಲ್ಲರಿಗೂ ಬೆಳಗ್ಗೆ ಆಗಲ್ಲ. ನನಗೆ ರಾತ್ರಿ ಹತ್ತರ ಮೇಲೇ ತಲೆ ಓಡುವುದು. ಐದಕ್ಕೆ ಏಳಿ ಅಂತ ಎಲ್ಲರಿಗೂ ಹೇಳಬೇಡಿ ಪ್ಲೀಸ್.

ಅಮ್ಮ_ಐದು_ಗಂಟೆಗೆ

@ನೈಟ್_ಔಲ್_ಮೈಸೂರು ಖಂಡಿತ. ಐದೇ ಆಗಬೇಕು ಅಂತಲ್ಲ. ದಿನದ ಎಲ್ಲ ಕೆಲಸ ಮುಗಿದು ಉಳಿದ ಹೊತ್ತನ್ನು ಕಲಿಕೆಗೆ ಕೊಡಬೇಡಿ ಅಂತ. ಆ ಹೊತ್ತು ಉಳಿಯುವುದೇ ಇಲ್ಲ.

ಶಿರಸಿ_ಮೇಷ್ಟ್ರು

ನಾನು ನಿವೃತ್ತ ಗಣಿತ ಶಿಕ್ಷಕ. 63ನೇ ವಯಸ್ಸಿನಲ್ಲಿ ಪೈಥಾನ್ ಕಲಿಯಲು ಕೂತವನು. ನನಗೆ ಹೊತ್ತಿಗೆ ಬರವಿಲ್ಲ, ಆದರೂ ಮೂರು ಸಲ ಬಿಟ್ಟಿದ್ದೆ. ಆದ್ದರಿಂದ ಹೊತ್ತೊಂದೇ ಕಾರಣ ಅನ್ನುವುದನ್ನು ಒಪ್ಪಲಾರೆ.

ಮೂವತ್ತು ವರ್ಷ ಪಾಠ ಮಾಡಿ ಕಂಡ ಒಂದು ಮಾತು ಹೇಳುತ್ತೇನೆ. ಬೋರ್ಡಿನ ಮೇಲೆ ನಾನು ಲೆಕ್ಕ ಬಿಡಿಸುವಾಗ ಎಲ್ಲ ಮಕ್ಕಳಿಗೂ ಅರ್ಥವಾಗುತ್ತದೆ. ತಲೆ ಆಡಿಸುತ್ತಾರೆ. ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟರೆ ಅರ್ಧ ಜನ ಪೆನ್ನು ಕಚ್ಚುತ್ತಾರೆ. ವಿಡಿಯೋ ನೋಡುವುದು ಅಂದರೆ ಬೋರ್ಡು ನೋಡಿ ತಲೆ ಆಡಿಸುವುದು. ಆಗ ಅರ್ಥವಾಗಿದ್ದು ನಿಜ, ಆದರೆ ಬರುವುದಿಲ್ಲ. ಅರ್ಥವಾಗುವುದು ಬೇರೆ, ಬರುವುದು ಬೇರೆ.

ಲೆಕ್ಕಿಗರು ನಾಲ್ಕು ಸಲ ಲೂಪ್ ಪಾಠ ಕೇಳಿದ್ದಾರೆ. ಐದನೇ ಸಲ ಕೇಳಬೇಡಿ. ಕಾಗದದ ಮೇಲೆ 1ರಿಂದ 20ರವರೆಗಿನ ಮಗ್ಗಿಯನ್ನು ಮುದ್ರಿಸುವ ಪ್ರೋಗ್ರಾಂ ಬರೆಯಿರಿ, ಏನನ್ನೂ ನೋಡದೆ. ಎಲ್ಲಿ ನಿಲ್ಲುತ್ತೀರೋ ಅಲ್ಲಿ ಮಾತ್ರ ಪಾಠ ತೆರೆಯಿರಿ.

ಇನ್ನೊಂದು ಮಾತು. ಮರೆವು ಸಹಜ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದ. ಮೊದಲ ದಿನವೇ ಹೆಚ್ಚು ಪಾಲು ಹೋಗುತ್ತದೆ. ಆದರೆ ಒಮ್ಮೆ ಕಲಿತಿದ್ದನ್ನು ಎರಡನೇ ಸಲ ಕಲಿಯಲು ಕಡಿಮೆ ಹೊತ್ತು ಸಾಕು ಅಂತಲೂ ಆತನೇ ಕಂಡುಕೊಂಡ. ಹತ್ತು ದಿನ ಬಿಟ್ಟು ಬಂದಾಗ ಏನೂ ನೆನಪಿಲ್ಲ ಅನ್ನಿಸುವುದು ನಿಜವಲ್ಲ. ಒಂದು ಗಂಟೆ ಕೂತರೆ ಬಹುಪಾಲು ವಾಪಸ್ ಬರುತ್ತದೆ.

ಹುಬ್ಳಿ_ಹುಡುಗ

ಮೇಷ್ಟ್ರೇ, ಅರ್ಥವಾಗುವುದು ಬೇರೆ ಬರುವುದು ಬೇರೆ, ಇದನ್ನ ಗ್ವಾಡಿ ಮ್ಯಾಲೆ ಬರೆದು ಇಟ್ಕೊಂತೀನಿ ನೋಡ್ರಿ.

ಎನ್‌ಪಿಟಿಇಎಲ್_ಅಭಿಮಾನಿ

ನನಗೆ ಕೆಲಸಕ್ಕೆ ಬಂದಿದ್ದು ಗಡುವು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಇದೆ, ಎಂಟು ವಾರ. ಪ್ರತಿ ವಾರ ಅಸೈನ್‌ಮೆಂಟ್, ಅದಕ್ಕೊಂದು ಕೊನೆಯ ದಿನ. ಆ ದಿನ ದಾಟಿದರೆ ಅಂಕ ಹೋಯಿತು. ನನ್ನಂಥವರಿಗೆ ಇಷ್ಟ, ಉತ್ಸಾಹ ಎಲ್ಲ ಮೂರು ವಾರ. ಗಡುವು ಎಂಟು ವಾರವೂ ಎಳೆದುಕೊಂಡು ಹೋಯಿತು.

ಕೋಡ್_ಕಟ್ಟೆ

ಅದಕ್ಕೆ ಹಣ ಕಟ್ಟಬೇಕಲ್ವಾ?

ಎನ್‌ಪಿಟಿಇಎಲ್_ಅಭಿಮಾನಿ

ಪಾಠ, ಅಸೈನ್‌ಮೆಂಟ್ ಎಲ್ಲ ಉಚಿತ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ನಾನು ಬರೆದಾಗ 1,000 ರೂಪಾಯಿ ಇತ್ತು. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ವ್ಯವಸ್ಥೆ ಇದು. 38,000 ಕೊಟ್ಟವರ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಇದೆಲ್ಲ ಉಚಿತವಾಗಿದೆ ಅಂತ ಹೇಳುವವರೇ ಇಲ್ಲ.

ಗಂಗಾವತಿ_ಲೆಕ್ಕಿಗ

ಎಲ್ಲ ಓದುತ್ತಿದ್ದೇನೆ. ಮೇಷ್ಟ್ರು ಹೇಳಿದ ಮಗ್ಗಿ ಪ್ರೋಗ್ರಾಂ ಮಾಡಿದೆ. ಎರಡು ಕಡೆ ನಿಂತೆ. ಒಂದು, ಲೂಪಿನೊಳಗೆ ಲೂಪ್. ಇನ್ನೊಂದು, ಎಲ್ಲಿಂದ ಎಲ್ಲಿಗೆ ಎಣಿಸಬೇಕು ಅಂತ ಹೇಳುವ ರೇಂಜ್‌ಗೆ 1, 20 ಕೊಟ್ಟರೆ 19ಕ್ಕೇ ನಿಲ್ಲುವುದು. ಈ ಎರಡನ್ನೂ ನಾಲ್ಕು ಸಲ ಕೇಳಿದ್ದೆ. ಆದರೂ ಕೈಗೆ ಬರಲಿಲ್ಲ. ಮೇಷ್ಟ್ರ ಮಾತು ಸತ್ಯ.

ಆದರೆ ಗಡುವಿನ ವಿಷಯ ನನಗೆ ಭಯ. ಸುಗ್ಗಿಯಲ್ಲಿ ಲಾರಿ ಸಾಲು ನಿಂತಿರುತ್ತದೆ, ತೂಕದ ಚೀಟಿ ಬರೆದು ಬರೆದು ಬೆರಳು ಮರಗಟ್ಟುತ್ತದೆ. ಆ ತಿಂಗಳು ಯಾವ ಗಡುವೂ ನಿಲ್ಲುವುದಿಲ್ಲ.

ಶಿರಸಿ_ಮೇಷ್ಟ್ರು

ಸುಗ್ಗಿಯಲ್ಲಿ ಯಾರೂ ಹೊಸ ಬಾವಿ ತೋಡುವುದಿಲ್ಲ. ಆ ತಿಂಗಳು ಹೊಸ ಪಾಠ ಬೇಡ. ದಿನಕ್ಕೆ ಹತ್ತು ನಿಮಿಷ ಹಳೆಯ ಕೋಡನ್ನು ಓದಿ, ಸಾಕು. ಬಿಟ್ಟಿದ್ದೇನೆ ಅಂತ ಅನ್ನಿಸಬಾರದು, ಅಷ್ಟೇ.

ಡಬ್ಲಿನ್_ಕನ್ನಡಿಗ

@ಗಂಗಾವತಿ_ಲೆಕ್ಕಿಗ ತೂಕದ ಚೀಟಿ ಅಂದಿರಲ್ಲ, ಅಲ್ಲೇ ನಿಮ್ಮ ಪ್ರಾಜೆಕ್ಟ್ ಇದೆ! ನೀವು ದಿನಾ ಕೈಯಲ್ಲಿ ಏನು ಲೆಕ್ಕ ಮಾಡುತ್ತೀರಿ? ಬಿಡಿಸಿ ಹೇಳಿ.

ಗಂಗಾವತಿ_ಲೆಕ್ಕಿಗ

ಭತ್ತದ ಲಾರಿ ಬಂದರೆ ಮೊದಲು ತುಂಬಿದ ತೂಕ, ಇಳಿಸಿದ ಮೇಲೆ ಖಾಲಿ ತೂಕ. ಕಳೆದರೆ ಭತ್ತದ ತೂಕ. ನಮ್ಮ ಕಡೆ ವ್ಯಾಪಾರವೆಲ್ಲ 75 ಕಿಲೋ ಚೀಲದ ಲೆಕ್ಕ. ಎಷ್ಟು ಚೀಲ, ಮೇಲೆ ಎಷ್ಟು ಕಿಲೋ ಅಂತ ಬಿಡಿಸಬೇಕು. ಆಮೇಲೆ ತೇವಾಂಶ ಜಾಸ್ತಿ ಇದ್ದರೆ ಕಡಿತ. ಆಮೇಲೆ ರೈತರ ಹೆಸರಿಗೆ ಹಾಕುವುದು. ಇವತ್ತಿನ ಒಂದು ಲಾರಿ: ತುಂಬಿದ್ದು 14,620, ಖಾಲಿ 5,480. ಭತ್ತ 9,140 ಕಿಲೋ.

ಡಬ್ಲಿನ್_ಕನ್ನಡಿಗ

ಇಷ್ಟೇ ಬೇಕಾಗಿದ್ದು. ಕ್ಲಾಸು, ಆಬ್ಜೆಕ್ಟು ಸದ್ಯಕ್ಕೆ ಮರೆತುಬಿಡಿ. ಈ ಲೆಕ್ಕಕ್ಕೆ ಅವು ಬೇಡವೇ ಬೇಡ. ಎರಡು ತೂಕ ಕೇಳಿ ಚೀಲ ಹೇಳುವ ಪ್ರೋಗ್ರಾಂ ಬರೆಯಿರಿ. ಅದು ಓಡಿದ ಮೇಲೆ ತೇವಾಂಶ ಸೇರಿಸಿ. ಅದಾದ ಮೇಲೆ ಫೈಲಿಗೆ ಬರೆಯಿರಿ.

ಪೈಥಾನ್ ಹುಟ್ಟಿದ್ದೂ ಹೀಗೆಯೇ. ಗೀಡೋ ವಾನ್ ರಾಸಮ್ 1989ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ರಜೆಗೆ ಆಫೀಸು ಮುಚ್ಚಿದ್ದಾಗ ಹೊತ್ತು ಕಳೆಯಲು ಶುರು ಮಾಡಿದ ಕೆಲಸ. ಹೊರಗೆ ಬಂದಿದ್ದು 1991ರಲ್ಲಿ. ರಜೆಯಲ್ಲಿ ಹಿಡಿದ ಸಣ್ಣ ಕೆಲಸ, ಬಿಡಲಿಲ್ಲ ಅಷ್ಟೇ.

ಕೆ_ಆರ್_ಪುರ_ನೈಟ್‌ಶಿಫ್ಟ್

ಇದನ್ನು ಎಐಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. ಯಾಕೆ ಒದ್ದಾಟ?

ಅಮ್ಮ_ಐದು_ಗಂಟೆಗೆ

ಮಗಳ ಹೋಮ್‌ವರ್ಕನ್ನು ನಾನೇ ಬರೆದರೆ ಅವಳಿಗೆ ಬರುತ್ತದಾ?

ಕೆ_ಆರ್_ಪುರ_ನೈಟ್‌ಶಿಫ್ಟ್

ಒಪ್ಪಿದೆ. ಆದರೆ ಪೂರ್ತಿ ದೂರ ಇಡುವುದೂ ಬೇಡ. ನಮ್ಮ ತಂಡಕ್ಕೆ ಬರುವ ಹೊಸಬರಿಗೆ ನಾನು ಹೇಳುವುದು ಹೀಗೆ. ಕೋಡ್ ಬರೆದುಕೊಡು ಅಂತ ಕೇಳಬೇಡಿ. ಎರರ್ ಬಂದಾಗ "ಈ ಸಾಲಿನ ಅರ್ಥ ಏನು" ಅಂತ ಕೇಳಿ. ಅದೂ ಹದಿನೈದು ನಿಮಿಷ ಸ್ವಂತ ತಲೆ ಓಡಿಸಿದ ಮೇಲೆ. ಮೊದಲು ಸ್ವಲ್ಪ ಬಿರುಸಾಗಿ ಬರೆದುಬಿಟ್ಟೆ, ಲೆಕ್ಕಿಗರೇ. ನಿಮ್ಮ ಮಿಲ್ಲಿನ ಲೆಕ್ಕ ನಿಮಗೇ ಗೊತ್ತು. ಆ ತಿಳಿವಳಿಕೆ ಇಲ್ಲಿ ಕೂತ ನಮಗ್ಯಾರಿಗೂ ಇಲ್ಲ. ಅದು ದೊಡ್ಡ ಆಸ್ತಿ.

ಹಸಿರು_ಚೌಕ

ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಕೋಡ್ ಹಾಕಿದ ದಿನಕ್ಕೊಂದು ಹಸಿರು ಚೌಕ ಬರುತ್ತದಲ್ಲ, ಅದು ನನಗೆ ತುಂಬಾ ಸಹಾಯ ಮಾಡಿತು. 140 ದಿನ ಬಿಡಲಿಲ್ಲ. ನೀವೂ ಹಾಗೇ ಮಾಡಿ.

ಮನಸು_ಮಾತು

@ಹಸಿರು_ಚೌಕ 141ನೇ ದಿನ ಏನಾಯಿತು?

ಹಸಿರು_ಚೌಕ

ಅಕ್ಕನ ಮದುವೆ. ಒಂದು ದಿನ ತಪ್ಪಿತು. ಆಮೇಲೆ ಎರಡು ತಿಂಗಳು ಮುಟ್ಟಲೇ ಇಲ್ಲ. ನಿಜ ಹೇಳಬೇಕು ಅಂದರೆ ಕೊನೆಯ ಒಂದು ತಿಂಗಳು ಸುಮ್ನೆ ಚೌಕ ತುಂಬಲು ಒಂದು ಸಾಲು ಬದಲಿಸಿ ಹಾಕುತ್ತಿದ್ದೆ.

ಮನಸು_ಮಾತು

ಹೇಳಿದ್ದಕ್ಕೆ ಥ್ಯಾಂಕ್ಸ್, ಇದು ಬಹಳ ಜನರಿಗೆ ಆಗುತ್ತದೆ. ಗಿಟ್‌ಹಬ್ ಕೂಡ ಸತತ ಎಷ್ಟು ದಿನ ಅಂತ ತೋರಿಸುವ ಅಂಕಿಯನ್ನು 2016ರಲ್ಲಿ ತೆಗೆದುಹಾಕಿತು, ಚೌಕ ಮಾತ್ರ ಉಳಿಸಿತು. ನಾನು ಪಾಲಿಸುವ ನಿಯಮ ಒಂದೇ: ಒಂದು ದಿನ ತಪ್ಪಬಹುದು, ಅದರ ಮರುದಿನ ತಪ್ಪಬಾರದು. ಐದು ನಿಮಿಷವಾದರೂ ಸರಿ.

ಟೊಮ್ಯಾಟೊ_ಟೈಮರ್

25 ನಿಮಿಷ ಕೆಲಸ, 5 ನಿಮಿಷ ವಿರಾಮ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಕಾಲೇಜಿನಲ್ಲಿದ್ದಾಗ ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರು ಮಾಡಿದ್ದು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಾಡಿ. ಮೊಬೈಲಿನಲ್ಲೇ ಟೈಮರ್ ಇಟ್ಟರೆ ಟೈಮರ್ ನೋಡಲು ಹೋಗಿ ರೀಲ್ಸ್ ನೋಡುತ್ತೇವೆ.

ನೈಟ್_ಔಲ್_ಮೈಸೂರು

ಕೋಡಿಂಗ್‌ಗೆ 25 ನಿಮಿಷ ನನಗೆ ಸಾಲುವುದಿಲ್ಲ. ಸಮಸ್ಯೆ ತಲೆಗೆ ಹತ್ತಲೇ ಇಪ್ಪತ್ತು ನಿಮಿಷ ಬೇಕು. ಹತ್ತಿದ ಕೂಡಲೇ ಗಂಟೆ ಹೊಡೆಯುತ್ತದೆ.

ತುಂಗಾತೀರ

ಅದಕ್ಕೊಂದು ದಾರಿ ಇದೆ. ಏಳುವ ಮುಂಚೆ ಕೋಡಿನಲ್ಲೇ ಒಂದು ಸಾಲು ಕನ್ನಡದಲ್ಲಿ ಬರೆದಿಡಿ, ಮುಂದೆ ಹ್ಯಾಷ್ (#) ಗುರುತು ಹಾಕಿ, ಆ ಸಾಲನ್ನು ಪೈಥಾನ್ ಬಿಟ್ಟುಬಿಡುತ್ತದೆ. "ನಾಳೆ: ಖಾಲಿ ತೂಕ ಜಾಸ್ತಿ ಕೊಟ್ಟರೆ ಎಚ್ಚರಿಸಬೇಕು" ಹೀಗೆ. ಮರುದಿನ ಕೂತ ಕೂಡಲೇ ಎಲ್ಲಿಂದ ಶುರು ಅಂತ ಹುಡುಕಬೇಕಿಲ್ಲ. ನನ್ನ ಹದಿನೈದು ನಿಮಿಷ ದಿನಾ ಅಲ್ಲೇ ಉಳಿಯುತ್ತದೆ.

ಗಂಗಾವತಿ_ಲೆಕ್ಕಿಗ

ಆರು ದಿನದ ವರದಿ. ಬೆಳಗ್ಗೆ 5:40ರಿಂದ 6:20, ಅಷ್ಟೇ. ಒಂದು ದಿನ ತಪ್ಪಿತು, ಮರುದಿನ ಕೂತೆ. ಚೀಲದ ಪ್ರೋಗ್ರಾಂ ಬರೆದೆ. 9,140ನ್ನು 75ರಿಂದ ಭಾಗಿಸಿದರೆ 121.8666 ಅಂತ ಉದ್ದ ಬಂತು. 121 ಚೀಲ, ಮೇಲೆ ಇಷ್ಟು ಕಿಲೋ ಅಂತ ಬರಬೇಕಲ್ಲ. ರೌಂಡ್ ಮಾಡಿದರೆ 122 ಆಗುತ್ತದೆ, ಅದು ತಪ್ಪು ಲೆಕ್ಕ. ಹದಿನೈದು ನಿಮಿಷ ಒದ್ದಾಡಿದ್ದೇನೆ. ಸುಳಿವು ಕೊಡಿ, ಉತ್ತರ ಬೇಡ.

ಶಿರಸಿ_ಮೇಷ್ಟ್ರು

ನಾಲ್ಕನೇ ಕ್ಲಾಸಿನ ಭಾಗಾಕಾರ ನೆನಪಿಸಿಕೊಳ್ಳಿ. ಭಾಗಲಬ್ಧ ಒಂದು, ಶೇಷ ಒಂದು. ಪೈಥಾನಿನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇದೆ.

ಗಂಗಾವತಿ_ಲೆಕ್ಕಿಗ

ಸಿಕ್ಕಿತು! // ಹಾಕಿದರೆ 121, % ಹಾಕಿದರೆ 65. ಕೈಯಲ್ಲಿ ಬರೆದ ಚೀಟಿಗೆ ತಾಳೆ ನೋಡಿದೆ. 121 ಚೀಲ 65 ಕಿಲೋ, ಸರಿಯಾಗಿದೆ. ಶೇಷ ಅನ್ನುವ ಪದ ಕೇಳಿ ಹದಿನೈದು ವರ್ಷವಾಗಿತ್ತು. ಆ ಶೇಕಡಾ ಗುರುತನ್ನು ಎಲ್ಲ ವಿಡಿಯೋದಲ್ಲೂ ನೋಡಿದ್ದೆ, ಯಾತಕ್ಕೆ ಅಂತ ಇವತ್ತು ಗೊತ್ತಾಯಿತು.

ಹುಬ್ಳಿ_ಹುಡುಗ

ಭಾರೀ ಆತು ಅಣ್ಣಾ!

ಪದ_ಪ್ರೇಮಿ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ನನ್ನನ್ನು ಕೋಡಿಂಗ್‌ಗೆ ಹಿಡಿದಿಟ್ಟಿದ್ದು ಒಂದು ತಪ್ಪು ಉತ್ತರ. ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಆಗುವ ಪದ ಕಂಡುಹಿಡಿಯುವ ಪ್ರೋಗ್ರಾಂ ಎಲ್ಲ ಪಾಠದಲ್ಲೂ ಇರುತ್ತದೆ. ನಾನು ಇಂಗ್ಲಿಷ್ ಪದ ಬಿಟ್ಟು "ವಿಕಟಕವಿ" ಕೊಟ್ಟೆ. ಅಲ್ಲ ಅಂದಿತು! "ಕುಬೇರನಿಗೇನಿರಬೇಕು" ಕೊಟ್ಟೆ. ಅದೂ ಅಲ್ಲ ಅಂದಿತು. ಮೂರು ರಾತ್ರಿ ತಲೆ ಕೆಡಿಸಿಕೊಂಡೆ.

ಕಾರಣ ಇಷ್ಟು. ನಮ್ಮ ಕಣ್ಣಿಗೆ ವಿಕಟಕವಿಯಲ್ಲಿ ಐದು ಅಕ್ಷರ. ಕಂಪ್ಯೂಟರಿಗೆ ಏಳು. "ವಿ" ಅನ್ನುವುದನ್ನು ಅದು ವ ಬೇರೆ, ಗುಡಿಸು ಬೇರೆ ಅಂತ ಇಟ್ಟುಕೊಳ್ಳುತ್ತದೆ. ತಿರುಗಿಸಿದಾಗ ಕೊನೆಯ ಗುಡಿಸು ಮೊದಲಿಗೆ ಬಂದು ಕೂರುತ್ತದೆ. "ಕರ್ನಾಟಕ" ತಿರುಗಿಸಿ ನೋಡಿ, "ಕಟಾನ್ರಕ" ಅಂತ ಬರುತ್ತದೆ.

ಡಬ್ಲಿನ್_ಕನ್ನಡಿಗ

ಆಹಾ, ಇದನ್ನು ಈಗಲೇ ಮಾಡಿ ನೋಡಿದೆ. ನಿಜ! ಹೇಗೆ ಸರಿ ಮಾಡಿದಿರಿ?

ಪದ_ಪ್ರೇಮಿ

ತಿರುಗಿಸುವ ಮುಂಚೆ ಅಕ್ಷರಗಳನ್ನು ಗುಂಪು ಮಾಡಬೇಕು. ಗುಣಿತದ ಗುರುತು ಬಂದರೆ ಅದನ್ನು ಹಿಂದಿನ ವ್ಯಂಜನಕ್ಕೆ ಅಂಟಿಸುವುದು. ಒತ್ತಕ್ಷರ ಇದ್ದರೆ ಹಲಂತದ ಮುಂದಿನ ವ್ಯಂಜನವನ್ನೂ ಸೇರಿಸಿಕೊಳ್ಳುವುದು. ಆಮೇಲೆ ಗುಂಪುಗಳನ್ನು ತಿರುಗಿಸುವುದು. ಕುಬೇರ ಸರಿಯಾಗಿ ಬಂದ ರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿದ್ದೆ. ನಮ್ಮ ಭಾಷೆಯ ಮೇಲೆ ಪ್ರೋಗ್ರಾಂ ಬರೆದರೆ ಯಾವ ಪಾಠದಲ್ಲೂ ಇಲ್ಲದ ಸಮಸ್ಯೆ ಸಿಗುತ್ತದೆ. ನಕಲು ಮಾಡಲು ಉತ್ತರವೇ ಇರುವುದಿಲ್ಲ, ನಾವೇ ಯೋಚಿಸಬೇಕು.

ಕೋಡ್_ಕಟ್ಟೆ

ಇಂಗ್ಲಿಷ್ ಬಾರದವರಿಗೆ ಈ ಕಲಿಕೆ ಕಷ್ಟ ಅಲ್ವಾ? ನಾನು ಕನ್ನಡ ಮೀಡಿಯಂ. ಎರರ್ ಓದಿದರೆ ಭಯವಾಗುತ್ತದೆ.

ಮಂಡ್ಯ_ಪ್ಯಾಸೆಂಜರ್

ನಾನೂ ಕನ್ನಡ ಮೀಡಿಯಂ. ಎರರ್ ಮೇಲಿಂದ ಓದಬೇಡಿ, ಕೊನೆಯ ಸಾಲು ಮೊದಲು ಓದಿ. ಪೈಥಾನಿನಲ್ಲಿ ತಪ್ಪಿನ ಹೆಸರು ಇರುವುದು ಅಲ್ಲೇ. ಪದೇ ಪದೇ ಬರುವ ತಪ್ಪು ಹತ್ತು ಹನ್ನೆರಡು ಇರಬಹುದು. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವಕ್ಕೆಲ್ಲ ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದೆ. "ನೇಮ್ ಎರರ್: ಈ ಹೆಸರು ನನಗೆ ಗೊತ್ತಿಲ್ಲ, ಸ್ಪೆಲಿಂಗ್ ನೋಡು." ಎರಡು ತಿಂಗಳಲ್ಲಿ ಆ ಪುಟ ನೋಡುವುದು ನಿಂತಿತು.

ಕೋಡ್_ಕಟ್ಟೆ

ಆ ಪುಟದ ಫೋಟೋ ಹಾಕಿ ಅಣ್ಣ, ದಯವಿಟ್ಟು.

ಮಂಡ್ಯ_ಪ್ಯಾಸೆಂಜರ್

ಭಾನುವಾರ ಹಾಕುತ್ತೇನೆ.

ಗಂಗಾವತಿ_ಲೆಕ್ಕಿಗ

ಐದು ವಾರ ಆಯಿತು. ಬಿಟ್ಟಿಲ್ಲ ಅಂತ ಹೇಳಲು ಬಂದೆ. ನಾಲ್ಕು ದಿನ ತಪ್ಪಿದೆ, ಸತತ ಎರಡು ದಿನ ಒಮ್ಮೆಯೂ ತಪ್ಪಿಲ್ಲ. ಈಗ ಪ್ರೋಗ್ರಾಂ ತೂಕ ಕೇಳುತ್ತದೆ, ಚೀಲ ಬಿಡಿಸುತ್ತದೆ, ತೇವಾಂಶದ ಕಡಿತ ಹಾಕುತ್ತದೆ, ರೈತರ ಹೆಸರಿನ ಜೊತೆ ಫೈಲಿಗೆ ಬರೆಯುತ್ತದೆ. ನಿನ್ನೆ ಸಂಜೆ ದಿನದ ಲೆಕ್ಕ ಕೈಯಲ್ಲಿ ಹಾಕಿದೆ, ಪ್ರೋಗ್ರಾಮಿನಲ್ಲೂ ಹಾಕಿದೆ. 11 ಕಿಲೋ ವ್ಯತ್ಯಾಸ ಬಂತು. ಪ್ರೋಗ್ರಾಂ ತಪ್ಪಿರಬೇಕು ಅಂತ ಒಂದು ಗಂಟೆ ಹುಡುಕಿದೆ. ತಪ್ಪಿದ್ದು ನನ್ನ ಕೈಲೆಕ್ಕ. ಯಜಮಾನರಿಗೆ ತೋರಿಸಿದೆ. ಏನೂ ಹೇಳಲಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಇನ್ನೂ ಮೂರು ಲಾರಿ ಹಾಕಿಸಿ ನೋಡಿದರು.

ರಾತ್ರಿ ಅಪ್ಪನಿಗೂ ತೋರಿಸಿದೆ. ಮೊದಲ ಸಲ ಮನೆಯಲ್ಲಿ ಆ 38,000ದ ಮಾತೂ ಬರಲಿಲ್ಲ, ಮೌನವೂ ಇರಲಿಲ್ಲ.

ಈಗ ಹೊಸ ಸಮಸ್ಯೆ. ರೈತರ ಹೆಸರನ್ನು ಅಕ್ಷರದ ಕ್ರಮಕ್ಕೆ ಜೋಡಿಸಲು ಸಾರ್ಟ್ ಹಾಕಿದೆ. ಎಲ್ಲ ಸರಿಯಾಗಿ ಬಂತು, ಆದರೆ ಮಳಿಯಪ್ಪ ಅವರು ಮಹಾಂತೇಶ ಅವರಿಗಿಂತ ಮೊದಲು ಬಂದಿದ್ದಾರೆ. ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ ಅಲ್ವಾ ಳ?

ಪದ_ಪ್ರೇಮಿ

ಬಂತು ನೋಡಿ! ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ ಗಿಂತ ಮೊದಲು. ಸಾರ್ಟ್ ಆ ಪಟ್ಟಿಯನ್ನೇ ನೋಡುತ್ತದೆ, ನಮ್ಮ ವರ್ಣಮಾಲೆಯನ್ನಲ್ಲ. ಉತ್ತರ ಹೇಳಲಾ, ಸುಳಿವು ಸಾಕಾ?

ಗಂಗಾವತಿ_ಲೆಕ್ಕಿಗ

ಸುಳಿವು.

ಪದ_ಪ್ರೇಮಿ

ಸಾರ್ಟ್‌ಗೆ ಯಾವ ಕ್ರಮ ನೋಡಬೇಕು ಅಂತ ಹೇಳುವ "ಕೀ" ಅಂತ ಒಂದು ಕೊಡಬಹುದು. ನಿಮ್ಮದೇ ವರ್ಣಮಾಲೆಯನ್ನು ಒಂದು ಲಿಸ್ಟಿನಲ್ಲಿ ಬರೆದಿಟ್ಟುಕೊಂಡು ಯೋಚಿಸಿ.

ಗಂಗಾವತಿ_ಲೆಕ್ಕಿಗ

ಕೋಡಿನ ಕೊನೆಗೆ ಬರೆದಿಟ್ಟೆ: "ನಾಳೆ: ಳ ಕೊನೆಗೆ ಬರಬೇಕು." 5:40ಕ್ಕೆ ಕೂತು ನೋಡುತ್ತೇನೆ.